ಬ್ಯಾಂಕಲ್ಲ ಚಿಕ್ಕಪ್ಪಾ, ಡಿಬಂಕ್!

ಮೊನ್ನೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಪ್ಪ ಮತ್ತೆ ಅದೇ ಮೆಸೇಜ್ ಹಾಕಿದರು. ಜನಗಣಮನ ಪ್ರಪಂಚದಲ್ಲೇ ಶ್ರೇಷ್ಠ ರಾಷ್ಟ್ರಗೀತೆ ಅಂತ ಯುನೆಸ್ಕೋ "ಈಗಷ್ಟೇ" ಘೋಷಿಸಿದೆಯಂತೆ. ಈ "ಈಗಷ್ಟೇ"ಗೆ ಹದಿನೈದು ವರ್ಷದ ಮೇಲಾಯಿತು! "ಇದು ಯಾವತ್ತೋ ಡಿಬಂಕ್ ಆಗಿದೆ" ಎಂದು ಬರೆದೆ. "ಅದೇನೋ, ಯಾವ ಬ್ಯಾಂಕು?" ಎಂದರು.

ಬ್ಯಾಂಕಲ್ಲ, ಅದೊಂದು ಊರಿನ ಕತೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬಂಕಮ್ ಅಂತೊಂದು ಕೌಂಟಿ ಇದೆ. 1820ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಿಸೌರಿ ರಾಜ್ಯದ ಬಗ್ಗೆ, ಅಲ್ಲಿ ಗುಲಾಮಗಿರಿ ಇರಬೇಕಾ ಬೇಡವಾ ಅನ್ನುವ ಬಗ್ಗೆ ಚರ್ಚೆ. ಎಲ್ಲರಿಗೂ ಸಾಕುಸಾಕಾಗಿ ವೋಟಿಗೆ ಕಾಯುತ್ತಿದ್ದಾಗ ಬಂಕಮ್ ಕಡೆಯಿಂದ ಆರಿಸಿ ಬಂದಿದ್ದ ಫೆಲಿಕ್ಸ್ ವಾಕರ್ ಎದ್ದು ನಿಂತ. ಕೂತ್ಕೊಳ್ಳಪ್ಪಾ ಅಂದರೂ ಕೇಳಲಿಲ್ಲ. ನಾನು ಮಾತಾಡೋದು ನಿಮಗಲ್ಲ, ಬಂಕಮ್‌ಗೆ ಅಂದನಂತೆ. ಅಂದರೆ ನಮ್ಮೂರ ಮತದಾರರಿಗೆ. ಅಲ್ಲಿಂದ ಹುರುಳಿಲ್ಲದ ಮಾತಿಗೆಲ್ಲ ಬಂಕಮ್ ಅಂತಲೇ ಹೆಸರಾಯಿತು, ಸವೆದು ಬಂಕ್ ಆಯಿತು. (ಆ ಕೌಂಟಿಗೆ ಹೆಸರು ಕೊಟ್ಟ ಎಡ್ವರ್ಡ್ ಬಂಕಮ್ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಕರ್ನಲ್. ಪಾಪ.) 1923ರಲ್ಲಿ ವಿಲಿಯಂ ವುಡ್‌ವರ್ಡ್ ತನ್ನ ಕಾದಂಬರಿಯಲ್ಲಿ ಅದಕ್ಕೆ "ಡಿ" ಅಂಟಿಸಿದ. ಬಂಕ್ ತೆಗೆದುಹಾಕುವುದೇ ಡಿಬಂಕ್.

ನಮ್ಮಲ್ಲಿ ಬಂಕ್‌ಗೆ ಪದಗಳಿಗೇನು ಬರ? ಬುರುಡೆ, ಬೊಗಳೆ, ಓಳು, ರೈಲು ಬಿಡೋದು. ಡಿಬಂಕ್‌ಗೂ ಇದೆ, "ಬಯಲು ಮಾಡೋದು". ನನಗೆ ಇದೇ ಜಾಸ್ತಿ ಇಷ್ಟ. ಚಿಕ್ಕವನಿದ್ದಾಗ ನಮ್ಮ ಶಾಲೆಯಲ್ಲಿ "ಪವಾಡ ಬಯಲು" ಕಾರ್ಯಕ್ರಮ ಆಗಿತ್ತು. ಬಂದವರು ಜುಟ್ಟಿರುವ ತೆಂಗಿನಕಾಯಿ ಹಿಡಿದು ಮಂತ್ರದ ಹಾಗೆ ಏನೋ ಗೊಣಗಿ ನೀರು ಚಿಮುಕಿಸಿದರು. ಭಗ್ ಅಂತ ಬೆಂಕಿ! ನಾವೆಲ್ಲ ಹೋ ಅಂದೆವು. ಆಮೇಲೆ ಇನ್ನೊಂದು ಕಾಯಿ ತಂದು, ಜುಟ್ಟು ಬಿಡಿಸಿ ಒಳಗಿದ್ದ ಸೋಡಿಯಂ ಚೂರು ತೋರಿಸಿದರು. ನೀರು ಬಿದ್ದರೆ ಅದು ಉರಿಯುತ್ತದೆ, ಅಷ್ಟೇ. ಅವರು ಯಾರನ್ನೂ ಪೆದ್ದ ಅನ್ನಲಿಲ್ಲ. ಮೊದಲು ತಾವೇ ಮೋಸ ಮಾಡಿ ತೋರಿಸಿದರು.

ನಾನು ಗ್ರೂಪಿನಲ್ಲಿ ಮಾಡಿದ್ದು ಬರೀ ಡಿಬಂಕ್. ಇಂಗ್ಲಿಷ್ ಪದ ಎಸೆದು ಸುಮ್ನೆ ಕೂತೆ, ಅಲ್ವಾ? ರಾತ್ರಿ ಫೋನ್ ಮಾಡಿದೆ. ಇಬ್ಬರೂ ಸೇರಿ ಯುನೆಸ್ಕೋ ವೆಬ್‌ಸೈಟಿನಲ್ಲಿ ಹುಡುಕಿದೆವು. ಅಂಥ ಘೋಷಣೆ ಎಲ್ಲೂ ಸಿಗಲಿಲ್ಲ. ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಇರು, ಇದನ್ನ ನನಗೆ ಕಳಿಸಿದವನಿಗೊಂದು ಫೋನ್ ಮಾಡ್ತೀನಿ" ಎಂದರು.