ಸ್ನೇಕಿಂಗ್ ಹೋಗಿದ್ದೇ ಒಳ್ಳೆಯದಾಯಿತು

ನಿಂಟೆಂಡೊದ ರೇಸಿಂಗ್ ವಿಡಿಯೋ ಗೇಮ್ ಸರಣಿ ಮಾರಿಯೋ ಕಾರ್ಟ್‌ನಲ್ಲಿ 2008ರ ‘ವೀ’ ಆಟ ಬಂದ ಮೇಲೆ ಕೈಚಳಕಕ್ಕೆ ಬೆಲೆಯೇ ಉಳಿಯಲಿಲ್ಲ ಅಂತ ಬರೆದಿದ್ದೀರಿ. ಇದನ್ನು ಒಪ್ಪುವುದು ಕಷ್ಟ. ಇದೇ ಸರಣಿಯ 2005ರ ಡಿಎಸ್ ಆಟದಲ್ಲಿ ಡ್ರಿಫ್ಟ್ ಮಾಡುತ್ತಾ (ಗಾಡಿಯನ್ನು ಪಕ್ಕಕ್ಕೆ ಜಾರಿಸುತ್ತಾ) ಎಡ-ಬಲ ಗುಂಡಿ ಒತ್ತಿದರೆ ಸಾಕು, ಮಿನಿ ಟರ್ಬೊ, ಅಂದರೆ ಕ್ಷಣಕಾಲದ ಹೆಚ್ಚುವರಿ ವೇಗ, ಸಿಗುತ್ತಿತ್ತು. ಹಾಗಾಗಿ ನೇರ ದಾರಿಯಲ್ಲೂ ಹಾವಿನ ಹಾಗೆ ಹೊರಳಾಡುತ್ತಾ ಓಡಿಸುವುದು ರೂಢಿಯಾಯಿತು. ಆನ್‌ಲೈನ್‌ನಲ್ಲಿ ಈ ಸ್ನೇಕಿಂಗ್ ಬಾರದವರು ಮೊದಲ ಸುತ್ತಿನಲ್ಲೇ ಹಿಂದೆ ಬೀಳುತ್ತಿದ್ದರು. ಅದು ರೇಸೋ, ಹೆಬ್ಬೆರಳಿನ ಕಸರತ್ತೋ? (ನನ್ನ ಹೆಬ್ಬೆರಳು ಇನ್ನೂ ಮರೆತಿಲ್ಲ!)

ವೀನಲ್ಲಿ ಡ್ರಿಫ್ಟ್ ಎಷ್ಟು ಹೊತ್ತು ಹಿಡಿದಿರುತ್ತೀರಿ ಅನ್ನುವುದರ ಮೇಲೆ ಟರ್ಬೊ ಸಿಗುವ ಹಾಗೆ ಮಾಡಿದರು. ಅಲ್ಲಿಗೆ ನೇರ ದಾರಿಯ ಸ್ನೇಕಿಂಗ್ ಹೋಯಿತು, ತಿರುವಿಗೆ ಮತ್ತೆ ಬೆಲೆ ಬಂತು. ಎಲ್ಲಿ ಜಾರಲು ಶುರು ಮಾಡಬೇಕು, ಯಾವಾಗ ಬಿಡಬೇಕು ಎನ್ನುವುದೂ ಕೈಚಳಕವೇ ಅಲ್ವಾ?

ಅದೃಷ್ಟದಾಟ ಜಾಸ್ತಿಯಾಯಿತು ಅಂದಿದ್ದರೆ ಸುಮ್ನೆ ಒಪ್ಪುತ್ತಿದ್ದೆ. ವೀನಲ್ಲಿ 8 ಜನರ ರೇಸ್ 12ಕ್ಕೆ ಏರಿತು, 2025ರ ಮಾರಿಯೋ ಕಾರ್ಟ್ ವರ್ಲ್ಡ್‌ನಲ್ಲಿ 24. ಇಷ್ಟು ಜನ ಎದುರಾಳಿಗಳನ್ನು ಉರುಳಿಸುವ ಆಮೆಚಿಪ್ಪು ಎಸೆಯುವಾಗ ನಡುವೆ ಸಿಕ್ಕಿಕೊಂಡವರ ಪಾಡು ಕೇಳಲೇಬೇಡಿ. ತಪ್ಪು ಹುಡುಕುವುದಾದರೆ ಅಲ್ಲಿ ಹುಡುಕಿ, ಡ್ರಿಫ್ಟ್‌ನಲ್ಲಿ ಅಲ್ಲ.