ನಡುರಾತ್ರಿಯ ಕುಶಲೋಪರಿ

ಪೊಲೀಸರಿಗೆ ಪ್ರಜೆಗಳ ಮೇಲೆ ಅಕ್ಕರೆಯಿಲ್ಲ ಅನ್ನುವವರು ಒಮ್ಮೆ ಖರಕ್ ಸಿಂಗ್ ಕಥೆ ಕೇಳಬೇಕು. ಉತ್ತರ ಪ್ರದೇಶದ ಹಳ್ಳಿಯ ಈ ಮನುಷ್ಯನ ಮೇಲೆ 1941ರಲ್ಲಿ ಡಕಾಯಿತಿ ಕೇಸು ಬಿತ್ತು. ಸಾಕ್ಷ್ಯವಿಲ್ಲವೆಂದು ಬಿಟ್ಟರು. ಬಿಟ್ಟದ್ದು ಆಸಾಮಿಯನ್ನು ಮಾತ್ರ. ಹೆಸರನ್ನು ಠಾಣೆಯಲ್ಲೇ ಇಟ್ಟುಕೊಂಡು ಹಿಸ್ಟರಿ ಶೀಟ್ ತೆರೆದರು. ನಮ್ಮ ಕಡೆಯ ರೌಡಿ ಶೀಟ್ ಇದರ ಒಡಹುಟ್ಟು.

ಅಲ್ಲಿಂದ ಶುರುವಾಯಿತು ಉಪಚಾರ. ಊರ ಚೌಕಿದಾರ, ಜೊತೆಗೆ ಪೇದೆಗಳು. ರಾತ್ರಿ ಬಂದು ಬಾಗಿಲು ಬಡಿಯುವುದು, ಕೂಗಿ ಎಬ್ಬಿಸುವುದು, ಒಳಗೆ ಬರುವುದು. ವಾರಂಟೇ? ಇಷ್ಟು ಹತ್ತಿರದವರು ಕಾಗದ ಹಿಡಿದು ಬರುತ್ತಾರೆಯೆ? ಎಷ್ಟೋ ಸಲ ನಿದ್ದೆಯಿಂದ ಎಬ್ಬಿಸಿ ಠಾಣೆಗೇ ನಡೆಸಿಕೊಂಡು ಹೋಗಿ ಹಾಜರಿ ಹಾಕಿಸುತ್ತಿದ್ದರು ಎಂಬುದು ಆತನ ದೂರು. ಮನೆಯಲ್ಲಿದ್ದಾನೋ ಇಲ್ಲವೋ ನೋಡಲು ಬಂದವರೇ ಅವನನ್ನು ಮನೆಯಲ್ಲಿ ಇಲ್ಲದ ಹಾಗೆ ಮಾಡುತ್ತಿದ್ದರು! ಪರವೂರಿಗೆ ಹೊರಟರೆ ಎಲ್ಲಿಗೆ, ಬರುವುದು ಯಾವಾಗ ಎಂದು ಹೇಳಿಯೇ ಹೋಗಬೇಕು. ಆ ಊರಿನ ಠಾಣೆಗೂ ಸುದ್ದಿ ಹೋಗುತ್ತಿತ್ತು. ಹೊಸದಾಗಿ ಮದುವೆಯಾದ ಮಗಳನ್ನು ತವರಿನವರೂ ಇಷ್ಟು ವಿಚಾರಿಸಿಕೊಳ್ಳಲಿಕ್ಕಿಲ್ಲ.

ಇದು ಯಾವನೋ ಒಬ್ಬ ಪೇದೆಯ ಕಿತಾಪತಿ ಎಂದುಕೊಳ್ಳಬೇಡಿ. ಉತ್ತರ ಪ್ರದೇಶ ಪೊಲೀಸ್ ನಿಯಮಾವಳಿಯ 236ನೇ ನಿಯಮದಲ್ಲಿ ‘ರಾತ್ರಿ ಮನೆ ಭೇಟಿ’ ಎಂದು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಶೀಟಿನವನ ಸಹವಾಸ, ಚಾಳಿ, ಆದಾಯ, ಖರ್ಚು ಇವನ್ನೂ ಆಗಾಗ ವಿಚಾರಿಸಬೇಕು. ಆ ಕೆಲಸಕ್ಕೆ ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ಹೋಗುವಂತಿಲ್ಲ. ಮರ್ಯಾದೆ ಅಂದರೆ ಇದು. ತಮಾಷೆಯೆಂದರೆ, ಈ ನಿಯಮಕ್ಕೆ ಯಾವ ಕಾನೂನಿನ ಆಸರೆಯೂ ಇರಲಿಲ್ಲ. ಅದು ಇಲಾಖೆ ತನಗೆ ತಾನೇ ಕೊಟ್ಟುಕೊಂಡ ಬರೀ ಸೂಚನೆ.

ಖರಕ್ ಸಿಂಗ್ ಸೀದಾ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ. 1962ರ ಡಿಸೆಂಬರ್‌ನಲ್ಲಿ ಆರು ನ್ಯಾಯಮೂರ್ತಿಗಳ ಪೀಠ ರಾತ್ರಿ ಭೇಟಿಯನ್ನು ರದ್ದು ಮಾಡಿತು. ಹಿಂದೆಯೇ, ಖಾಸಗಿತನ ಸಂವಿಧಾನ ಕೊಟ್ಟ ಹಕ್ಕೇ ಅಲ್ಲ, ಮಿಕ್ಕ ನಿಗಾ ನಡೆಯಲಿ ಎಂದಿತು ಬಹುಮತ. ಅಂದರೆ ಪೇದೆ ಹೊಸ್ತಿಲು ದಾಟಬಾರದು. ಎದುರಿನ ಮರದಡಿ ಬೀಡಿ ಸೇದುತ್ತ ಬೆಳಗಿನತನಕ ಕೂರಬಹುದು. ಕಾವಲು ಗುಟ್ಟಾದದ್ದರಿಂದ ಕಾಯಿಸಿಕೊಳ್ಳುವವನಿಗೆ ಗೊತ್ತಾಗುವುದಿಲ್ಲ, ಗೊತ್ತಾಗದ ಮೇಲೆ ಸ್ವಾತಂತ್ರ್ಯಕ್ಕೇನು ಧಕ್ಕೆ? ಅಕಸ್ಮಾತ್ ಗೊತ್ತಾಗಿ ಎದೆ ಡವಡವ ಅಂದರೆ ಅದು ಮನಸ್ಸಿನ ಮಾತು, ಕಾಲನ್ನಂತೂ ಯಾರೂ ಕಟ್ಟಿಲ್ಲವಲ್ಲ! ಹೀಗಾದರೆ ಇಡೀ ದೇಶವೇ ಅವನಿಗೆ ಜೈಲು ಎಂದರು ನ್ಯಾಯಮೂರ್ತಿ ಸುಬ್ಬರಾವ್. ಅವರ ಜೊತೆಗಿದ್ದವರು ಇನ್ನೊಬ್ಬರೇ. ನಾಲ್ವರ ಎದುರು ಇಬ್ಬರ ಮಾತು ಎಲ್ಲಿ ನಡೆಯುತ್ತದೆ?

ಮಲಗಿದವನಿಗಷ್ಟೇ ಹಕ್ಕು, ಎದ್ದವನಿಗಿಲ್ಲ ಎಂಬ ಈ ವ್ಯವಸ್ಥೆ 2017ರ ಆಗಸ್ಟ್ 24ರವರೆಗೆ ಬಾಳಿತು. ಖಾಸಗಿತನವೂ ಮೂಲಭೂತ ಹಕ್ಕು ಎಂದು ಹೇಳಿ ಅದನ್ನು ಅಳಿಸಲು ಒಂಬತ್ತು ನ್ಯಾಯಮೂರ್ತಿಗಳು ಕೂರಬೇಕಾಯಿತು. ಅವರನ್ನು ಕೂರಿಸಿದ ಕೇಸು ನಮ್ಮವರದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86. ಹಳೆಯ ತೀರ್ಪಿನ ಮೊದಲರ್ಧಕ್ಕೂ ಕೊನೆಯರ್ಧಕ್ಕೂ ತಾಳಮೇಳವಿಲ್ಲ ಎಂಬುದೂ ಈ ಒಂಬತ್ತು ಮಂದಿಯ ತೀರ್ಪಿನಿಂದಲೇ ಅಧಿಕೃತವಾಗಿ ತಿಳಿದದ್ದು.

ನಮ್ಮ ಪೊಲೀಸರೂ ಕೋರ್ಟಿಗೆ ತಲೆಬಾಗುವವರೇ. ರಾತ್ರಿ ಬೇಡ ಅಂದರು ತಾನೆ? ‘ಬೆಳ್ಳಂಬೆಳಗ್ಗೆ ರೌಡಿಗಳ ಮನೆ ಮೇಲೆ ದಾಳಿ’ ಎಂದು ಬೆಂಗಳೂರಿನ ಪತ್ರಿಕೆಗಳಲ್ಲಿ ಬರುವ ಸುದ್ದಿ ನೋಡಿ, ಕೋಳಿ ಕೂಗುವ ಹೊತ್ತಿಗೆ ಹಾಸಿಗೆ ಮಗುಚಿ, ಬೀರು ತೆಗೆಸಿ ಆಗಿರುತ್ತದೆ. ವಾರಂಟ್ ಇಲ್ಲದೆ ಹುಡುಕುವುದಾದರೆ ಕಾರಣ ಬರೆದಿಡಬೇಕು, ವಿಡಿಯೊ ಮಾಡಬೇಕು, 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ದಾಖಲೆ ಮುಟ್ಟಿಸಬೇಕು ಎನ್ನುತ್ತದೆ ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ. ವಿಡಿಯೊ ವಿಷಯದಲ್ಲಿ ಲೋಪವೇ ಇಲ್ಲ. ಮ್ಯಾಜಿಸ್ಟ್ರೇಟರಿಗೆ ಕಾಗದ ತಲುಪುವ ಮೊದಲೇ, ಬನಿಯನ್‌ನಲ್ಲಿ ಕಣ್ಣುಜ್ಜಿಕೊಳ್ಳುತ್ತ ನಿಂತವನನ್ನು ಇಡೀ ರಾಜ್ಯ ತಿಂಡಿ ತಿನ್ನುತ್ತ ಟಿವಿಯಲ್ಲಿ ನೋಡಿರುತ್ತದೆ.