ಹಾಲಕ್ಕಿ ನುಡಿತೈತೆ, ವರ್ಜೀನಿಯಾ ಗೆಲ್ತೈತೆ

ಚಿಕ್ಕವನಿದ್ದಾಗ ನಮ್ಮೂರಿಗೆ ಬೆಳಗಿನ ಜಾವ ಬುಡಬುಡಿಕೆಯವನು ಬರುತ್ತಿದ್ದ. ‘ಹಾಲಕ್ಕಿ ನುಡಿತೈತೆ, ಈ ಮನೆಗೆ ಒಳ್ಳೇದಾಗ್ತೈತೆ, ಆದ್ರೆ ಒಂದು ಗಂಡಾಂತರ ಐತೆ’ ಅನ್ನುತ್ತಿದ್ದ. ಯಾವ ಗಂಡಾಂತರ, ಯಾವತ್ತು ಅಂತ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಹಳೇ ಕೋಟೊಂದು ಕೊಟ್ಟರೆ ಮುಂದಿನ ಮನೆಗೆ ಹೋಗುತ್ತಿದ್ದ. ಅಮೆರಿಕಕ್ಕೆ ಬಂದ ಮೇಲೆ ಪ್ರತಿ ಮಾರ್ಚ್‌ನಲ್ಲಿ ಅವನು ನೆನಪಾಗುತ್ತಾನೆ. ಇಲ್ಲಿಯ ಬುಡಬುಡಿಕೆಯವರು ಟೀವಿಯಲ್ಲಿ ಸಾಲಾಗಿ ಕೂತಿರುತ್ತಾರೆ. ಕೋಟು ಹೊಸದು, ಅಷ್ಟೇ.

ಇದು ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ‘ಮಾರ್ಚ್ ಮ್ಯಾಡ್ನೆಸ್’. 68 ತಂಡಗಳು, ಒಮ್ಮೆ ಸೋತರೆ ಗಂಟುಮೂಟೆ ಕಟ್ಟಬೇಕು. ಭಾನುವಾರ ಪಟ್ಟಿ ಬರುತ್ತದೆ. ತಂಡಗಳನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಬಲಾಬಲ ನೋಡಿ 1ರಿಂದ 16ರವರೆಗೆ ನಂಬರ್ ಕೊಟ್ಟಿರುತ್ತಾರೆ. ಆ ನಂಬರಿಗೆ ಸೀಡ್ ಅಂತಾರೆ, ಒಂದನೇ ಸೀಡ್ ಅಂದರೆ ಎಲ್ಲರಿಗಿಂತ ಬಲಶಾಲಿ. ಗುರುವಾರ ಮಧ್ಯಾಹ್ನದೊಳಗೆ ಯಾರು ಯಾರನ್ನು ಸೋಲಿಸುತ್ತಾರೆ ಅಂತ ಕೊನೆಯ ಪಂದ್ಯದವರೆಗೆ ಬರೆದಿಡಬೇಕು. ಅದೇ ಬ್ರ್ಯಾಕೆಟ್. ನಡುವಿನ ಮೂರು ದಿನ ಯಾವ ಆಫೀಸಿನಲ್ಲೂ ಕೆಲಸ ನಡೆಯುವುದಿಲ್ಲ. ನಮ್ಮಲ್ಲಿ ತಲೆಗೆ 5 ಡಾಲರ್ ಬಾಜಿ. ನಾನು ಪ್ರತಿ ವರ್ಷ ಪರಿಣತರ ಮಾತು ಕೇಳುತ್ತೇನೆ, ಪ್ರತಿ ವರ್ಷ 5 ಡಾಲರ್ ಕಳೆದುಕೊಳ್ಳುತ್ತೇನೆ.

2018ನ್ನೇ ತಗೊಳ್ಳಿ. ವರ್ಜೀನಿಯಾ ಇಡೀ ಟೂರ್ನಿಗೇ ಒಂದನೇ ನಂಬರಿನ ತಂಡ. ಎದುರಿಗೆ 16ನೇ ಸೀಡ್, ಬಾಲ್ಟಿಮೋರ್‌ನ ಯುಎಂಬಿಸಿ. ಚೆಸ್ ತಂಡಕ್ಕೆ ಹೆಸರಾದ ಕಾಲೇಜು. ಅದೇ ಜನವರಿಯಲ್ಲಿ ಆಲ್ಬನಿ ಎದುರು 44 ಅಂಕದಿಂದ ಸೋತು ಬಂದಿತ್ತು. ಅಲ್ಲಿಯವರೆಗೆ ಪುರುಷರ ಟೂರ್ನಿಯಲ್ಲಿ ಒಂದನೇ ಸೀಡ್‌ಗಳು 16ನೇ ಸೀಡ್‌ಗಳ ಎದುರು 135 ಪಂದ್ಯ ಆಡಿದ್ದವು. 135ನ್ನೂ ಗೆದ್ದಿದ್ದವು. ಇದಕ್ಕೆ ಭವಿಷ್ಯ ಬೇರೆ ಬೇಕಾ? ಅರ್ಧ ಆಟಕ್ಕೆ 21-21. ಮುಗಿದಾಗ 74-54. ಗೆದ್ದವರು ಚೆಸ್ಸಿನವರು.

ಪರಿಣತರ ನಿಜವಾದ ಕಲೆ ಶುರುವಾಗುವುದು ಆಮೇಲೆ. ಅದಕ್ಕೆ ಮೀಸೆ ಒರೆಸುವುದು ಅಂತ ಹೆಸರಿಡಬಹುದು. ಬಿದ್ದದ್ದು ಊರಿಗೆಲ್ಲ ಕಂಡಿದೆ, ಆದರೆ ಮಣ್ಣಿನ ಗುರುತು ಇರಬಾರದು. ‘ನೋಡಿ, ವರ್ಜೀನಿಯಾದ್ದು ನಿಧಾನದ ಆಟ. ಬರೀ ಡಿಫೆನ್ಸ್. ಇಂಥ ಆಟ ಮಾರ್ಚ್‌ನಲ್ಲಿ ನಡೆಯಲ್ಲ’ ಅಂದರು. ಭಾನುವಾರ ಇದೇ ನಿಧಾನವನ್ನು ಶಿಸ್ತು ಅಂತ ಹೊಗಳಿದ್ದರು. ನಾನೂ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ: ನಿಧಾನದವರನ್ನು ನಂಬಬಾರದು. ಮರುವರ್ಷ, 2019ರಲ್ಲಿ, ಅದೇ ವರ್ಜೀನಿಯಾ, ಅದೇ ಕೋಚ್, ಅದೇ ನಿಧಾನದ ಆಟ. ಚಾಂಪಿಯನ್! ನನ್ನ 5 ಡಾಲರ್ ಆ ವರ್ಷವೂ ಹೋಯಿತು.

ಹೋಗಲಿ, ಗೆಲ್ಲುವವರನ್ನು ಹೇಳುವುದು ಕಷ್ಟ. ಸೋಲುವವರನ್ನಾದರೂ ಹೇಳಬಹುದಲ್ವಾ? 2011ರಲ್ಲಿ ಅದನ್ನೂ ನೋಡಿದ್ದಾಯಿತು. ವರ್ಜೀನಿಯಾ ಕಾಮನ್‌ವೆಲ್ತ್ ಅಂತ ಬೇರೊಂದು ತಂಡ. ಇವರನ್ನು ಪಟ್ಟಿಗೆ ಸೇರಿಸಿದ್ದೇ ತಪ್ಪು ಅಂತ ಟೀವಿ ಪಂಡಿತರು ಉರಿದುಬಿದ್ದರು. ತಂಡ ಅರ್ಹತಾ ಸುತ್ತಿನಿಂದ ಶುರುಮಾಡಿ, ಐದು ಪಂದ್ಯ ಗೆದ್ದು, ಕಾನ್ಸಾಸನ್ನು ಮನೆಗೆ ಕಳಿಸಿ ಸೆಮಿಫೈನಲ್‌ನಲ್ಲಿ ಕೂತಿತು. 2006ರಲ್ಲಿ ಜಾರ್ಜ್ ಮೇಸನ್ ಅನ್ನುವ ಕಾಲೇಜಿಗೂ ಇದೇ ಬೈಗುಳ, ಇದೇ ಫಲ. ಹಾಗಾಗಿ ಸಣ್ಣ ಕಾಲೇಜಿನ ಕೋಚ್‌ಗಳಿಗೆ ನನ್ನದೊಂದು ಕಿವಿಮಾತು. ಪ್ರಾಕ್ಟೀಸ್ ಬೇಡ, ಹೇಗಾದರೂ ಮಾಡಿ ಪಂಡಿತರಿಂದ ಬೈಸಿಕೊಳ್ಳಿ.

ಅರ್ಹತಾ ಸುತ್ತು ಬಿಟ್ಟರೆ ಉಳಿಯುವ 63 ಪಂದ್ಯದ ಬ್ರ್ಯಾಕೆಟ್ಟನ್ನು ಎಷ್ಟು ಬಗೆಯಲ್ಲಿ ತುಂಬಬಹುದು ಗೊತ್ತಾ? 92 ಬರೆದು ಮುಂದೆ 17 ಸೊನ್ನೆ ಹಾಕಿ, ಹೆಚ್ಚುಕಮ್ಮಿ ಅಷ್ಟು. ಈ ಲೆಕ್ಕ ಬಲ್ಲ ಹೂಡಿಕೆದಾರ ವಾರೆನ್ ಬಫೆಟ್ 2014ರಲ್ಲಿ ಎಲ್ಲವನ್ನೂ ಸರಿಯಾಗಿ ಹೇಳಿದವರಿಗೆ 100 ಕೋಟಿ ಡಾಲರ್ ಕೊಡುವ ಸ್ಪರ್ಧೆಗೆ ಬೆನ್ನಿಗೆ ನಿಂತರು. ಎರಡನೇ ದಿನ ಮುಗಿಯುವ ಹೊತ್ತಿಗೆ ಒಬ್ಬರೂ ಉಳಿದಿರಲಿಲ್ಲ. ಅಜ್ಜ ಆರಾಮಾಗಿ ಮಲಗಿರಬೇಕು. ಇಡೀ ಟೂರ್ನಿಯಲ್ಲಿ ಸರಿಯಾದ ಭವಿಷ್ಯ ಹೇಳಿದವರು ಅವರೊಬ್ಬರೇ.

2022ರಲ್ಲಿ ಅಮ್ಮ ಊರಿಂದ ಬಂದಿದ್ದರು. ನಾನು ಅಂಕಿಅಂಶ ಹರಡಿಕೊಂಡು ಕೂತಿದ್ದೆ. ಕೆಂಟಕಿ ಎರಡನೇ ಸೀಡ್, ಎದುರಿಗೆ ಜರ್ಸಿ ಸಿಟಿಯ ಸೇಂಟ್ ಪೀಟರ್ಸ್, 15ನೇ ಸೀಡ್. ಅಮ್ಮ ಇಣುಕಿ ನೋಡಿ, ‘ಇದೇನೋ ಚಿತ್ರ?’ ಅಂದರು. ತಂಡದ ಲಾಂಛನ, ಕೆಂಟಕಿಯದು ಕಾಡುಬೆಕ್ಕು, ಸೇಂಟ್ ಪೀಟರ್ಸ್‌ದು ನವಿಲು ಅಂದೆ. ‘ಸುಬ್ರಹ್ಮಣ್ಯನ ವಾಹನ ಬೆಕ್ಕಿಗೆ ಸೋಲುತ್ತಾ? ಸುಮ್ನೆ ನವಿಲು ಅಂತ ಬರಿ’ ಅಂದರು. ನಾನು ನಕ್ಕು ಕೆಂಟಕಿ ಅಂತ ಬರೆದೆ. ನವಿಲು 85-79ರಲ್ಲಿ ಗೆದ್ದಿತು. ಆಮೇಲೆ ಇನ್ನೂ ಎರಡು ಪಂದ್ಯ ಗೆದ್ದು ಕೊನೆಯ ಎಂಟಕ್ಕೆ ಹೋಯಿತು. ಅಲ್ಲಿ ನಾರ್ತ್ ಕೆರೊಲಿನಾ 20 ಅಂಕದಿಂದ ಸೋಲಿಸಿದಾಗ ಅಮ್ಮನ ವಿಶ್ಲೇಷಣೆ ಕೇಳಿದೆ. ‘ಮಳೆ ಇಲ್ಲದೆ ನವಿಲು ಎಷ್ಟು ದಿನ ಕುಣಿದೀತು?’ ಅಂದು ಹುರುಳಿಕಾಯಿ ಸೋಸಲು ಹೋದರು. ಟೀವಿಯವರು ಇದನ್ನೇ ನಲವತ್ತು ನಿಮಿಷ ಹೇಳಿದರು.

ಮರುವರ್ಷ ಕೊನೆಯ ನಾಲ್ಕರಲ್ಲಿ ಒಂದನೇ ಸೀಡ್ ಒಂದೂ ಇರಲಿಲ್ಲ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ನಾನು ಪಾಠ ಕಲಿತೆ: ಇನ್ನು ಮೇಲೆ ದೊಡ್ಡವರನ್ನು ನಂಬುವುದಿಲ್ಲ. ಕಲಿತ ಪಾಠವನ್ನೆಲ್ಲ 2025ರ ಬ್ರ್ಯಾಕೆಟ್ಟಿಗೆ ಸುರಿದೆ. ಸಿಕ್ಕ ಸಿಕ್ಕ ಸಣ್ಣ ಕಾಲೇಜುಗಳನ್ನೆಲ್ಲ ಗೆಲ್ಲಿಸಿದೆ. ಆ ವರ್ಷ ಒಂದನೇ ಸೀಡ್‌ಗಳು ನಾಲ್ಕೂ ಸೆಮಿಫೈನಲ್‌ಗೆ ಬಂದವು. ಹಾಗೆ ಆಗಿದ್ದು ಅದು ಎರಡನೇ ಸಲ ಮಾತ್ರ. ಆಟಗಾರರಿಗೆ ಈಗ ದುಡ್ಡು ಸಿಗುತ್ತದೆ, ತಂಡ ಬದಲಿಸುವುದು ಸುಲಭ, ಸಣ್ಣವರ ಕಾಲ ಮುಗಿಯಿತು ಅಂತ ಪಂಡಿತರು ವಿವರಿಸಿದರು. ಮೀಸೆ ಫಳಫಳ ಹೊಳೆಯುತ್ತಿತ್ತು.

ಫೈನಲ್‌ನಲ್ಲಿ ಫ್ಲಾರಿಡಾ 12 ಅಂಕ ಹಿಂದಿದ್ದು, ಹ್ಯೂಸ್ಟನ್ ಎದುರು 65-63ರಲ್ಲಿ ಗೆದ್ದಿತು. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ನನ್ನ 5 ಡಾಲರಿನ ಕತೆ ಹೇಳಿದೆ.

‘ಗೆದ್ದೋರದ್ದು ಯಾವ ಪ್ರಾಣಿನೋ?’

‘ಮೊಸಳೆ.’

‘ಅಯ್ಯೋ, ಹಿಡಿದರೆ ಬಿಡೋ ಪ್ರಾಣಿನಾ ಅದು? ಮೊಸಳೆ ಇದೆ ಅಂತ ಮೊದಲೇ ಒಂದು ಮಾತು ಹೇಳಬಾರದಾ?’